ರೌಟರ್ ಟಿಪ್ಪಣಿ: 94ಕ್ಕೇ ನಿಂತ ಸ್ಪೀಡು

ಮನೆಗೆ 200 ಎಂಬಿಪಿಎಸ್ ಫೈಬರ್ ಬಂತು. ಅಂಗಡಿಯಲ್ಲಿ ‘ಎಸಿ1200, ನಾಲ್ಕು ಆಂಟೆನಾ’ ಅಂತ ಕೊಟ್ಟ ರೌಟರ್ ತಂದು ಸಿಕ್ಕಿಸಿದೆ. ಎಷ್ಟು ಸಲ ಸ್ಪೀಡ್ ಟೆಸ್ಟ್ ಮಾಡಿದರೂ 94ರ ಮೇಲೆ ಹೋಗಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಆಡಿದ್ದೂ ಆಯ್ತು. ತಪ್ಪು ಅವರದ್ದಲ್ಲ, ನನ್ನದೇ. ಉತ್ತರ ಆ 94ರಲ್ಲೇ ಇತ್ತು.

ಫೈಬರ್ ಡಬ್ಬಿಯಿಂದ (ಇದಕ್ಕೆ ಓಎನ್‌ಟಿ ಅಂತಾರೆ) ಬರುವ ಕೇಬಲ್ ಸೇರುವುದು ರೌಟರಿನ ವ್ಯಾನ್ ಪೋರ್ಟಿಗೆ. ನಾನು ತಂದದ್ದರಲ್ಲಿ ಆ ಪೋರ್ಟಿನ ಮಿತಿಯೇ 100 ಎಂಬಿಪಿಎಸ್. ಅದರಲ್ಲೂ ಪ್ರತಿ ಪ್ಯಾಕೆಟ್ಟಿನ, ಅಂದರೆ ಡೇಟಾ ತುಣುಕಿನ, ಹೆಡರ್‌ಗಳಿಗೆ (ವಿಳಾಸದ ಚೀಟಿ ಇದ್ದ ಹಾಗೆ) ಒಂದಿಷ್ಟು ಹೋಗಿ, ನಮ್ಮ ಕೈಗೆ ಸಿಗುವುದು ಸುಮಾರು 94. ಹಾಗಾದರೆ ಡಬ್ಬದ ಮೇಲಿನ 1200? 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸ್ ಬ್ಯಾಂಡಿನ 867, ಎರಡನ್ನೂ ಕೂಡಿಸಿ ದುಂಡಗೆ ಮಾಡಿದ ಲೆಕ್ಕ. ಅದೂ ಗಾಳಿಯಲ್ಲಿನ ಸೈದ್ಧಾಂತಿಕ ವೇಗ. ನಾಲ್ಕು ಬಾಯಿಯ ನಲ್ಲಿ ಇಟ್ಟು ಒಳಗೆ ಕಾಲಿಂಚಿನ ಪೈಪ್ ಹಾಕಿದ ಹಾಗೆ. ಕೊಳ್ಳುವಾಗ ಆಂಟೆನಾ ಎಣಿಸಬೇಡಿ, ‘ವ್ಯಾನ್ ಪೋರ್ಟ್ ಗಿಗಾಬಿಟ್ಟಾ?’ (ಅಂದರೆ 1000 ಎಂಬಿಪಿಎಸ್) ಅಂತ ಕೇಳಿ.

ಗಿಗಾಬಿಟ್ ರೌಟರ್ ತಂದ ಮೇಲೂ ಅದೇ 94 ಕಂಡರೆ ಕೇಬಲ್ ನೋಡಿ. 100ಕ್ಕೆ ಕೇಬಲ್ಲಿನ ಒಳಗಿನ ನಾಲ್ಕು ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಆ ಹೆಚ್ಚಿನ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಎರಡು ತುದಿಯ ಸಾಧನಗಳು ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ, ಎಲ್ಲೂ ಎಚ್ಚರಿಕೆ ಬರುವುದಿಲ್ಲ. ಹಾಗಾಗಿ ಮೊದಲು ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲೇ ಜೋಡಿಸಿ ಅಳೆಯಿರಿ. ತಂತಿಯಲ್ಲಿ ಬಾರದ ಸ್ಪೀಡು ಗಾಳಿಯಲ್ಲಿ ಬಂದೀತೇ?

ಇನ್ನು ಗಾಳಿಯ ವಿಷಯ. ನಮ್ಮದು ಪುತ್ತೂರು ಕಡೆಯ ಕೆಂಪುಕಲ್ಲಿನ ಹಳೆ ಮನೆ, ದಪ್ಪ ಗೋಡೆ. 5 ಗಿಗಾಹರ್ಟ್ಸ್ ಅಲೆಗಳು ವೇಗ ಹೆಚ್ಚು ಕೊಡುತ್ತವೆ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತವೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಬ್ಲೂಟೂತು, ಮೈಕ್ರೋವೇವ್ ಒಲೆ, ಪಕ್ಕದ ಮನೆಯವರ ವೈಫೈ ಎಲ್ಲದರ ಸಂತೆ. ನನ್ನ ರೌಟರ್ ಮೊದಲು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇತ್ತು. ಫೋನಿನ ಆ್ಯಪಿನಲ್ಲಿ ನೋಡಿದರೆ ಅಡುಗೆಮನೆಯಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಮೈನಸ್ 79 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು). ಚಾವಡಿಯ ಬಾಗಿಲ ಮೇಲಿನ ಹಲಗೆಗೆ ಏರಿಸಿದ ಮೇಲೆ ಮೈನಸ್ 67. ಹನ್ನೆರಡೇ ಅಂಕೆ ಅಂತ ಅನ್ನಿಸಬಹುದು. ಪ್ರತಿ 3 ಡಿಬಿಗೆ ಶಕ್ತಿ ಇಮ್ಮಡಿ, ಅಂದರೆ 12ಕ್ಕೆ ಹದಿನಾರು ಪಟ್ಟು. ಒಂದು ರೂಪಾಯಿ ಖರ್ಚಿಲ್ಲ. ‘ಆ ಡಬ್ಬಿ ಅಲ್ಲಿ ಕೂತ್ರೆ ಚಂದ ಕಾಣ್ತದಾ?’ ಅಂತ ಅಮ್ಮ ಕೇಳಿದ್ದು ಬೇರೆ ಮಾತು. ಇಷ್ಟಾದರೂ ಸಾಲದ ದೊಡ್ಡ ಮನೆಗೆ ಮೆಶ್ (ಹಲವು ಡಬ್ಬಿಗಳು ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆ) ನೋಡಬಹುದು. ಕೇಬಲ್ ಎಳೆದು ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಹರಡುವ ಡಬ್ಬಿ) ಮಾಡುವುದು ನನಗೆ ಇನ್ನೂ ಇಷ್ಟ.

ಸೆಟ್ಟಿಂಗಿಗೆ ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ಹೊಡೆಯಬೇಕು. ಯಾವುದು ಅಂತ ರೌಟರಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು. ಇದು ವೈಫೈ ಪಾಸ್‌ವರ್ಡ್ ಅಲ್ಲ, ಎರಡೂ ಬೇರೆ ಬೇರೆ; ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಭದ್ರತೆಗೆ ಡಬ್ಲ್ಯೂಪಿಎ3 ಇದ್ದರೆ ಅದು, ಹಳೆ ಫೋನು ಒಪ್ಪದಿದ್ದರೆ ಡಬ್ಲ್ಯೂಪಿಎ2. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಿ. 2.4ರಲ್ಲಿ ಚಾನಲ್ 1, 6, 11 ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಖಾಲಿ ಕಾಣುತ್ತದೆಂದು 3 ಆರಿಸಿದರೆ 1ರವರಿಗೂ 6ರವರಿಗೂ ತೊಂದರೆ, ನಿಮಗೂ ತೊಂದರೆ.

ಓಎನ್‌ಟಿಯೇ ರೌಟರಿನ ಕೆಲಸವನ್ನೂ ಮಾಡುತ್ತಿದ್ದರೆ ಇನ್ನೊಂದು ತೊಡಕು: ಎರಡೆರಡು ನ್ಯಾಟ್ (ಮನೆಯೊಳಗಿನ ವಿಳಾಸಗಳನ್ನು ಹೊರಗಿನ ಒಂದು ವಿಳಾಸಕ್ಕೆ ಬದಲಿಸುವ ಕೆಲಸ) ಆಗುತ್ತದೆ. ಬ್ರೌಸಿಂಗಿಗೆ ಗೊತ್ತಾಗುವುದಿಲ್ಲ, ಆನ್‌ಲೈನ್ ಗೇಮಿಗೋ ಹೊರಗಿನಿಂದ ಸಿಸಿಟಿವಿ ನೋಡಲಿಕ್ಕೋ ಹೋದಾಗ ಕಾಡುತ್ತದೆ. ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ರೌಟರಿನ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿ) ಹಾಕಿಸಿ, ಇಲ್ಲವಾದರೆ ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿಡಿ.

ಮಳೆಗಾಲಕ್ಕೆ ಮಿನಿ ಯುಪಿಎಸ್ ತಂದೆ. ಅಡಾಪ್ಟರಿನಲ್ಲಿ 12 ವೋಲ್ಟ್ ಅಂತಿದ್ದರೆ ಯುಪಿಎಸ್ಸೂ 12 ವೋಲ್ಟೇ ಕೊಡಬೇಕು. ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು. ಓಎನ್‌ಟಿಗೂ ಯುಪಿಎಸ್ಸಿನಿಂದ ಒಂದು ವೈರ್ ಬೇಕೆಂಬುದು ಕರೆಂಟು ಹೋದ ಮೇಲೆಯೇ ನೆನಪಾದದ್ದು. ಓಎನ್‌ಟಿಯಲ್ಲಿ ಎಲ್‌ಓಎಸ್ ದೀಪ ಕೆಂಪಾದರೆ ಫೈಬರಿನಲ್ಲೇ ಬೆಳಕು ಬರುತ್ತಿಲ್ಲ ಎಂದರ್ಥ, ರೌಟರ್ ಮುಟ್ಟಿ ಪ್ರಯೋಜನವಿಲ್ಲ. ಆಗ ಸಿಟ್ಟಿನಲ್ಲಿ ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಪಿಪಿಪಿಓಇ (ಇಂಟರ್ನೆಟ್ ಕಂಪನಿಯ ಲಾಗಿನ್) ಯೂಸರ್‌ನೇಮು, ಪಾಸ್‌ವರ್ಡು ಎಲ್ಲ ಅಳಿಸಿಹೋಗುತ್ತವೆ. ನಾನೀಗ ಅವನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ರೌಟರಿನ ಹಲಗೆಯ ಕೆಳಗೆ ಅಂಟಿಸಿಟ್ಟಿದ್ದೇನೆ.