ಎಲ್ಲ ಊರೂ ಕೂಗಳತೆಯಲ್ಲಿ ಎಂದ ಯಂತ್ರ

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನಿಂತಿದ್ದಾನೆ ಎಂದುಕೊಳ್ಳಿ. ಯಾವ ಊರಿನ ದಾರಿ ಕೇಳಿದರೂ "ಇಲ್ಲೇ ಕೂಗಳತೆ ದೂರ, ನನ್ನ ಹಿಂದೆ ಬನ್ನಿ" ಅನ್ನುತ್ತಾನೆ. ಬೀದರಿಗೂ ಅದೇ ಮಾತು, ಕಾರವಾರಕ್ಕೂ ಅದೇ ಮಾತು. ಮನುಷ್ಯರಾದರೆ ಎರಡನೇ ಸಲಕ್ಕೆ ಅನುಮಾನ ಪಡುತ್ತಾರೆ. ಯಂತ್ರಗಳು ಪಡಲಿಲ್ಲ.

1970ರ ದಶಕದ ಆರಂಭದ ಮಾತು. ಇಂಟರ್‌ನೆಟ್ಟಿನ ಪೂರ್ವಜ ಎನ್ನಬಹುದಾದ ಅರ್ಪಾನೆಟ್ ಆಗಿನ್ನೂ ಎಳೆಗೂಸು. ಒಂದೊಂದು ವಿಶ್ವವಿದ್ಯಾಲಯದಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಕೂತಿರುತ್ತಿತ್ತು. ಅದರ ಹೆಸರು ಇಂಪ್. ಇವತ್ತಿನ ರೌಟರಿನ ಅಜ್ಜ ಅದು. ಹಾರ್ವರ್ಡ್‌ನಲ್ಲಿದ್ದ ಇಂಪ್‌ನ ಮೆಮೊರಿ ಒಂದು ದಿನ ಕೆಟ್ಟಿತು. ಯಾವ ಊರು ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳುವ ಪಟ್ಟಿಯ ತುಂಬ ಸೊನ್ನೆ. ಅದನ್ನೇ ಅದು ನೆರೆಯವರಿಗೆ ಸಾರಿತು: ನನ್ನಿಂದ ಎಲ್ಲ ಕಡೆಗೂ ದೂರ ಸೊನ್ನೆ. ನೆರೆಯವರು ನಂಬಿದರು, ತಮ್ಮ ನೆರೆಯವರಿಗೂ ಹೇಳಿದರು. ನೆಟ್‌ವರ್ಕಿನ ಟ್ರಾಫಿಕ್ ಹಾರ್ವರ್ಡ್ ಕಡೆಗೆ ಹರಿದು ಬಂತು. ಬಂದದ್ದು ಮುಂದೆ ಹೋಗಲಿಲ್ಲ.

ಇದು ಹೇಗೆ ಸಾಧ್ಯ ಎಂದರೆ, ಯಾವ ರೌಟರಿಗೂ ಪೂರ್ತಿ ದಾರಿ ಗೊತ್ತಿರಬೇಕಾಗಿಲ್ಲ. ಆಗಲೂ ಅಷ್ಟೇ, ಈಗಲೂ ಅಷ್ಟೇ. ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಪೊಟ್ಟಣ, ಬಂದರೆ ಅದರ ವಿಳಾಸ ನೋಡಿ, ಮುಂದಿನ ರೌಟರಿನ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಯಾರ ಕೈಗೆ ಕೊಡಬೇಕು ಎನ್ನುವುದು ನೆರೆಯವರು ಹೇಳಿದ ಮಾತಿನ ಮೇಲೆ ನಿಂತಿದೆ. ರೌಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಈ ಪದ್ಧತಿಗೇ ರೌಟಿಂಗ್ ಪ್ರೋಟೋಕಾಲ್ ಎನ್ನುವುದು. ಅದರ ಐವತ್ತು ವರ್ಷದ ಕಥೆಯಲ್ಲಿ ಹಾರ್ವರ್ಡ್‌ನ ಸೊನ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ.

ಕೇಳಿದ ದೂರಕ್ಕೆ ತನ್ನದೊಂದು ಕೂಡಿಸಿ ಮುಂದೆ ಹೇಳುವ ಪದ್ಧತಿಯನ್ನು ಅರ್ಪಾನೆಟ್ 1979ರ ಹೊತ್ತಿಗೆ ಕೈಬಿಟ್ಟಿತು. ಹೊಸ ಪದ್ಧತಿಯಲ್ಲಿ ಪ್ರತಿ ಇಂಪ್ ತನ್ನ ಪಕ್ಕದ ಲೈನುಗಳ ಸ್ಥಿತಿಯನ್ನಷ್ಟೇ ಇಡೀ ನೆಟ್‌ವರ್ಕಿಗೆ ಸಾರಬೇಕು. ಎಲ್ಲರ ಸುದ್ದಿ ಸೇರಿಸಿ ಪ್ರತಿಯೊಬ್ಬರೂ ತಾವೇ ನಕ್ಷೆ ಮಾಡಿಕೊಳ್ಳಬೇಕು. ನಕ್ಷೆಯಲ್ಲಿ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು ಎಡ್ಸ್‌ಖರ್ ಡೈಕ್‌ಸ್ಟ್ರಾ 1956ರಲ್ಲೇ ಕಂಡುಹಿಡಿದಿದ್ದರು. ಆಮ್‌ಸ್ಟರ್‌ಡಾಮ್‌ನ ಒಂದು ಕೆಫೆಯಲ್ಲಿ ಕಾಫಿಗೆ ಕೂತಾಗ ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ಎಂದು ಅವರೇ ಹೇಳಿದ್ದಾರೆ. ಆಫೀಸು, ಕಾಲೇಜುಗಳ ಒಳಗಿನ ನೆಟ್‌ವರ್ಕುಗಳಲ್ಲಿ ಇವತ್ತು ಓಡುವ ಓಎಸ್‌ಪಿಎಫ್ ಎಂಬ ಪ್ರೋಟೋಕಾಲ್ ನಡೆಯುವುದೂ ಇದೇ ಜಾಡಿನಲ್ಲಿ.

ಗಾಳಿಮಾತು ನಿಂತಿತು ಅಂದುಕೊಂಡರೆ, 1980ರ ಅಕ್ಟೋಬರ್ 27ರಂದು ಇಡೀ ಅರ್ಪಾನೆಟ್ ಕೆಲವು ಗಂಟೆ ಮಲಗಿಬಿಟ್ಟಿತು. ಇದು ನನಗೆ ತುಂಬ ಇಷ್ಟದ ಪ್ರಸಂಗ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಹೊಸದು ಬಂದರೆ ಹಳೆಯದನ್ನು ಬಿಸಾಡಬೇಕು. ಸಂಖ್ಯೆಗೆ ಇದ್ದದ್ದು ಆರೇ ಬಿಟ್, ಅಂದರೆ ಸೊನ್ನೆ ಅಥವಾ ಒಂದು ಬರೆಯುವ ಆರೇ ಮನೆ. ಅಂದರೆ 63 ಆದ ಮೇಲೆ ಮತ್ತೆ ಸೊನ್ನೆ, ಗಡಿಯಾರದ ಮುಳ್ಳಿನ ಹಾಗೆ. ಹಾಗಾಗಿ ದೊಡ್ಡ ಸಂಖ್ಯೆಯೇ ಹೊಸದು ಎನ್ನುವಂತಿಲ್ಲ. ಎರಡರ ನಡುವಿನ ಅಂತರ 32ರ ಒಳಗಿದ್ದರೆ ದೊಡ್ಡದು ಹೊಸದು, ಅದಕ್ಕಿಂತ ಜಾಸ್ತಿಯಾದರೆ ಚಿಕ್ಕದು ಹೊಸದು ಎಂದು ನಿಯಮ ಮಾಡಿದ್ದರು. ಆ ದಿನ ಹಾರ್ಡ್‌ವೇರ್ ದೋಷದಿಂದ ಬಿಟ್‌ಗಳು ಉದುರಿ, ಒಂದೇ ಇಂಪ್‌ನ ಹೆಸರಿನಲ್ಲಿ ಮೂರು ಸುದ್ದಿ ಹೊರಟವು. ಸಂಖ್ಯೆಗಳು 8, 40, 44. ಈಗ ನಿಯಮ ಹಚ್ಚಿ ನೋಡಿ. 8ಕ್ಕಿಂತ 40 ಹೊಸದು. 40ಕ್ಕಿಂತ 44 ಹೊಸದು. 44ಕ್ಕಿಂತ 8 ಹೊಸದು! ಮೂರೂ ಒಂದರ ಬೆನ್ನು ಒಂದು ಹಿಡಿದು ಸುತ್ತತೊಡಗಿದವು. ಪ್ರತಿ ಇಂಪ್ "ಓ, ಹೊಸ ಸುದ್ದಿ" ಎಂದು ಎಲ್ಲರಿಗೂ ಹಂಚಿತು. ಹಂಚುವುದರಲ್ಲೇ ಯಂತ್ರಗಳ ಉಸಿರು ಹೋಯಿತು, ಬೇರೆ ಕೆಲಸಕ್ಕೆ ಪುರಸೊತ್ತೇ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಊರೆಲ್ಲ ಸುಳ್ಳು ಓಡಾಡಿತು.

ಅಲ್ಲಿಯವರೆಗೆ ಇದ್ದದ್ದು ಒಂದೇ ಮನೆಯ ಜಗಳ. 1980ರ ದಶಕದಲ್ಲಿ ಬೇರೆ ಬೇರೆ ಒಡೆಯರ ನೆಟ್‌ವರ್ಕುಗಳು ಕೂಡಿಕೊಳ್ಳತೊಡಗಿದವು. ಇಜಿಪಿ ಎಂಬ ಪ್ರೋಟೋಕಾಲ್ ಇತ್ತು. ಅದಕ್ಕೆ ನಟ್ಟನಡುವೆ ಒಂದು ಕಾಂಡ, ಸುತ್ತ ಕೊಂಬೆ ಇರಬೇಕು. ಆದರೆ ಇಂಟರ್‌ನೆಟ್ ಬಲೆಯ ಹಾಗೆ ಬೆಳೆಯುತ್ತಿತ್ತು. 1989ರ ಜನವರಿಯಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಂಜಿನಿಯರುಗಳ ಸಭೆ ನಡೆದಿತ್ತು. ಊಟದ ಹೊತ್ತಿಗೆ ಸಿಸ್ಕೊದ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೊವ್ ರೆಕ್ಟರ್ ಪೇಪರ್ ನ್ಯಾಪ್‌ಕಿನ್ ಮೇಲೆ ಹೊಸದೊಂದನ್ನು ಗೀಚಿದರು. ಅದೇ ಬಿಜಿಪಿ. ಜೂನ್‌ನಲ್ಲಿ ಅದು ದಾಖಲೆಯಾಗಿ ಹೊರಬಂತು. ಸದ್ಯಕ್ಕೆ ಕೆಲಸ ನಡೆಯಲಿ ಎಂದು ಮಾಡಿದ್ದು. ತಿದ್ದುಪಡಿಗಳಾಗಿವೆ ನಿಜ, ಆದರೆ ಅದೇ ಇಂದಿಗೂ ಲೋಕದ ಇಂಟರ್‌ನೆಟ್ಟನ್ನು ಹೊತ್ತಿದೆ. ನಮ್ಮಲ್ಲಿ ತಾತ್ಕಾಲಿಕ ಶೆಡ್‌ಗಳು ಶಾಶ್ವತವಾಗುವುದನ್ನು ಕಂಡವರಿಗೆ ಇದು ಆಶ್ಚರ್ಯ ಅನ್ನಿಸಲಾರದು.

ಬಿಜಿಪಿಯ ಜಾಣತನ ಸರಳವಾದದ್ದು. ಪ್ರತಿ ನೆಟ್‌ವರ್ಕಿಗೂ ಒಂದು ನಂಬರ್ ಇರುತ್ತದೆ. ದಾರಿ ಸಾರುವಾಗ ದೂರವನ್ನಲ್ಲ, ನಡುವೆ ಸಿಗುವ ನೆಟ್‌ವರ್ಕುಗಳ ನಂಬರುಗಳನ್ನೇ ಸಾಲಾಗಿ ಹೇಳುವುದು. ಸಾಲಿನಲ್ಲಿ ತನ್ನದೇ ನಂಬರ್ ಕಂಡರೆ ಆ ದಾರಿ ಬೇಡ, ಅದು ಸುತ್ತು ಹಾಕುತ್ತಿದೆ ಎಂದರ್ಥ. ಇನ್ನೊಂದು, ಬಿಜಿಪಿಯಲ್ಲಿ ಹತ್ತಿರದ ದಾರಿಯೇ ಗೆಲ್ಲಬೇಕೆಂದಿಲ್ಲ. ದುಡ್ಡು ಕೊಡುವ ಗಿರಾಕಿಯ ದಾರಿ ಮೊದಲು, ತಾನು ದುಡ್ಡು ಕೊಡಬೇಕಾದವರ ದಾರಿ ಕೊನೆಗೆ. ಇದನ್ನು ತೀರ್ಮಾನಿಸುವುದು ಗಣಿತವಲ್ಲ, ವ್ಯಾಪಾರ.

ಆದರೆ "ಈ ವಿಳಾಸ ನನ್ನದು" ಎಂದು ಯಾರಾದರೂ ಸಾರಿದರೆ, ಹೌದೇ ಎಂದು ಕೇಳುವ ಏರ್ಪಾಟು ಆ ನ್ಯಾಪ್‌ಕಿನ್‌ನಲ್ಲಿ ಇರಲಿಲ್ಲ. ಆಗ ಎಲ್ಲರೂ ಪರಿಚಯದವರೇ, ಅಲ್ವಾ?

1997ರ ಏಪ್ರಿಲ್ 25ರಂದು ಅಮೆರಿಕದ ಒಂದು ಚಿಕ್ಕ ನೆಟ್‌ವರ್ಕ್, ನಂಬರ್ 7007, ಲೋಕದ ಸಾವಿರಾರು ವಿಳಾಸಗಳು ತನ್ನವೇ ಎಂದು ತಪ್ಪಾಗಿ ಸಾರಿತು. ಮತ್ತೆ ಹಾರ್ವರ್ಡ್! ಇನ್ನೂ ಹೆಸರಾದದ್ದು 2008ರ ಫೆಬ್ರವರಿ 24ರ ಘಟನೆ. ಪಾಕಿಸ್ತಾನದ ಸರ್ಕಾರ ಯೂಟ್ಯೂಬ್ ತಡೆಯಲು ಹೇಳಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗಷ್ಟೇ ಇರಬೇಕಿದ್ದ ಸುಳ್ಳು ದಾರಿಯನ್ನು ಹೊರಗೂ ಸಾರಿಬಿಟ್ಟಿತು. ಅದಕ್ಕೆ ಹೊರಲೋಕದ ಸಂಪರ್ಕ ಕೊಡುತ್ತಿದ್ದ ಪಿಸಿಸಿಡಬ್ಲ್ಯು ಕಂಪನಿ ಪರೀಕ್ಷಿಸದೆ ಲೋಕಕ್ಕೆಲ್ಲ ಹಂಚಿತು.

ಸುಳ್ಳು ಗೆದ್ದದ್ದಕ್ಕೆ ಕಾರಣವಿದೆ. ಯೂಟ್ಯೂಬ್ ಸಾರುತ್ತಿದ್ದದ್ದು 1024 ವಿಳಾಸಗಳ ಗುಂಪು. ಪಾಕಿಸ್ತಾನ್ ಟೆಲಿಕಾಂ ಸಾರಿದ್ದು ಅದರೊಳಗಿನ 256 ವಿಳಾಸಗಳ ತುಂಡು. ತುಂಡು ಚಿಕ್ಕದಿದ್ದಷ್ಟೂ ರೌಟರಿಗೆ ನಂಬಿಕೆ ಜಾಸ್ತಿ. ಕಾಗದದ ಮೇಲೆ ಬರೀ "ಮಲ್ಲೇಶ್ವರ" ಎಂದಿರುವುದಕ್ಕಿಂತ "ಮಲ್ಲೇಶ್ವರ, 8ನೇ ಕ್ರಾಸ್" ಎಂದಿರುವುದನ್ನು ಪೋಸ್ಟ್‌ಮ್ಯಾನ್ ಹಿಡಿಯುವ ಹಾಗೆ. ಯೂಟ್ಯೂಬ್ ಕೂಡ 256ರ ತುಂಡು ಸಾರಿತು, ಆಮೇಲೆ 128ರ ತುಂಡುಗಳಿಗೆ ಇಳಿಯಿತು. ಪಿಸಿಸಿಡಬ್ಲ್ಯು ಸುಳ್ಳು ದಾರಿಯನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು.

ಎಲ್ಲವೂ ಕೈತಪ್ಪಲ್ಲ. 2018ರ ಏಪ್ರಿಲ್‌ನಲ್ಲಿ ಕಳ್ಳರು ಇದೇ ಉಪಾಯದಿಂದ ಅಮೆಜಾನ್‌ನ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸಗಳನ್ನು ಕದ್ದು, ಮೈಈಥರ್‌ವ್ಯಾಲೆಟ್ ಎಂಬ ಕ್ರಿಪ್ಟೋ ತಾಣದ ಬಳಕೆದಾರರ ಕ್ರಿಪ್ಟೋ ಹಣ ದೋಚಿದರು. ಇತ್ತ 2021ರ ಏಪ್ರಿಲ್ 16ರಂದು ನಮ್ಮ ವೊಡಾಫೋನ್ ಐಡಿಯಾದ ನೆಟ್‌ವರ್ಕ್ ಬೇರೆಯವರ 30 ಸಾವಿರಕ್ಕೂ ಜಾಸ್ತಿ ದಾರಿಗಳನ್ನು ತನ್ನವೆಂದು ಸಾರಿತ್ತು.

ಔಷಧ ತಡವಾಗಿ ಬಂತು. 2012ರಲ್ಲಿ ಆರ್‌ಪಿಕೆಐ ಎಂಬ ವ್ಯವಸ್ಥೆಯ ದಾಖಲೆ ಪ್ರಕಟವಾಯಿತು. ಒಂದು ರೀತಿಯಲ್ಲಿ ಇದು ವಿಳಾಸಗಳ ಪಹಣಿ. ಈ ತುಂಡಿನ ಒಡೆಯರು ಯಾವ ನಂಬರಿಗೆ ಸಾರಲು ಒಪ್ಪಿಗೆ ಕೊಟ್ಟಿದ್ದಾರೆ ಎಂದು ಡಿಜಿಟಲ್ ಸಹಿಯೊಂದಿಗೆ ಬರೆದಿಡುತ್ತಾರೆ. ರೌಟರ್ ಅದನ್ನು ನೋಡಿ ಸುಳ್ಳನ್ನು ಬಿಸಾಡಬಹುದು. ಆದರೆ ಕಡ್ಡಾಯವಲ್ಲ, ಕಡ್ಡಾಯ ಮಾಡಲು ಇಂಟರ್‌ನೆಟ್ಟಿಗೊಬ್ಬ ತಹಶೀಲ್ದಾರನೂ ಇಲ್ಲ. ಹಾಗಾಗಿ ಸಾರಲಾಗುವ ಐಪಿವಿ4 (ಇಂಟರ್‌ನೆಟ್ಟಿನ ಹಳೆಯ ಬಗೆಯ ವಿಳಾಸ) ದಾರಿಗಳಲ್ಲಿ ಅರ್ಧಕ್ಕೆ ಇಂಥ ದಾಖಲೆ ಸಿಗಲು 2024 ಬರಬೇಕಾಯಿತು.

ಅದೂ ಪರೀಕ್ಷಿಸುವುದು ಸಾಲಿನ ಕೊನೆಯ ನಂಬರನ್ನು ಮಾತ್ರ, ವಿಳಾಸ ತನ್ನದು ಎನ್ನುವವರನ್ನು. ನಡುವಿನ ನಂಬರುಗಳನ್ನು ಯಾರಾದರೂ ಸುಳ್ಳು ಹೇಳಿದರೆ ಆರ್‌ಪಿಕೆಐ ಸುಮ್ನೆ ನೋಡುತ್ತಿರುತ್ತದೆ. ನಡುವಿನ ಪ್ರತಿಯೊಬ್ಬರಿಂದಲೂ ಸಹಿ ಹಾಕಿಸುವ ಬಿಜಿಪಿಸೆಕ್‌ನ ದಾಖಲೆ 2017ರಲ್ಲೇ ಸಿದ್ಧವಾಗಿದೆ. ರೌಟರಿಗೆ ಕೆಲಸ ಜಾಸ್ತಿ, ಎಲ್ಲರೂ ಹಾಕಿಕೊಳ್ಳದೆ ಒಬ್ಬರೇ ಹಾಕಿಕೊಂಡರೆ ಲಾಭ ಕಡಿಮೆ. ಎಲ್ಲರೂ ಪಕ್ಕದವರು ಮೊದಲು ಹಾಕಿಕೊಳ್ಳಲಿ ಎಂದು ಕಾಯುತ್ತಿದ್ದಾರೆ.