ಉಸಿರು ಕಟ್ಟಿದೆ ಅಂತ ನಂಬ್ಕೊಂಡ ಕಿಡ್ನಿ ಸೆಲ್

ಕಿಡ್ನಿ ಕ್ಯಾನ್ಸರಿನ ಸ್ಲೈಡನ್ನ ಮೈಕ್ರೋಸ್ಕೋಪಲ್ಲಿ ಮೊದಲನೇ ಸಲ ನೋಡಿದಾಗ ನಂಗೆ ಅನಿಸಿದ್ದು, ಅರೆ, ಇಲ್ಲೇನೂ ಇಲ್ವಲ್ಲ ಅಂತ. ಕ್ಯಾನ್ಸರ್ ಅಂದ್ರೆ ನೇರಳೆ ಬಣ್ಣದ ದಪ್ಪ ದಪ್ಪ ಸೆಲ್‌ಗಳು ಒತ್ತೊತ್ತಾಗಿ ತುಂಬ್ಕೊಂಡಿರತ್ತೆ ಅಂದ್ಕೊಂಡಿದ್ದೆ, ಇದು ನೋಡಿದ್ರೆ ತುಪ್ಪ ಹಿಂಡಿ ಬಿಸಾಕಿದ ಜೇನುಗೂಡಿನ ಥರ, ತೆಳ್ಳನೆ ಗೋಡೆ, ಒಳಗೊಂದು ಸಣ್ಣ ಚುಕ್ಕಿ, ಉಳಿದದ್ದೆಲ್ಲ ಬಿಳಿ. ಆ ಗೂಡುಗಳ ಮಧ್ಯ ಮಾತ್ರ ಕೂದಲೆಳೆಯಂಥ ರಕ್ತನಾಳಗಳು, ಎಲ್ಲಿ ಕಣ್ಣಿಟ್ರೂ ರಕ್ತನಾಳ. ಇದಕ್ಕೆ ಕ್ಲಿಯರ್ ಸೆಲ್ ಕಾರ್ಸಿನೋಮಾ ಅಂತಾರೆ, ದೊಡ್ಡವರಿಗೆ ಬರೋ ಕಿಡ್ನಿ ಕ್ಯಾನ್ಸರಲ್ಲಿ ಸುಮಾರು ಮುಕ್ಕಾಲು ಪಾಲು ಇದೇನೇ. ಆ ಸೆಲ್‌ಗಳು ನಿಜಕ್ಕೂ ಖಾಲಿ ಅಲ್ಲ, ಒಳಗೆ ಕೊಬ್ಬು ಮತ್ತೆ ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಸಕ್ಕರೆ, ತುಂಬಿರತ್ತೆ, ಸ್ಲೈಡ್ ಮಾಡುವಾಗ ಆಲ್ಕೋಹಾಲ್, ಝೈಲೀನ್ ಅಂತ ಒಂದಾದ್ಮೇಲೊಂದ್ರಲ್ಲಿ ಅದ್ದಿ ತೆಗೀತೀವಲ್ಲ, ಆಗ ಅದೆಲ್ಲ ಕರಗಿ ಹೋಗತ್ತೆ. ಆಪರೇಷನ್ ಆಗಿ ಬಂದ ಹಸಿ ಗಡ್ಡೆಯನ್ನ ಕೊಯ್ದು ನೋಡಿದ್ರೆ ಬೆಣ್ಣೆ ಥರ ಹಳದಿ, ಅಲ್ಲಲ್ಲಿ ರಕ್ತದ ಕಲೆ.

ಒಂದು ಕಿಡ್ನಿ ಸೆಲ್‌ಗೆ ಇಷ್ಟೊಂದು ಕೊಬ್ಬು ಯಾಕೆ, ಸುತ್ತ ಇಷ್ಟೊಂದು ರಕ್ತನಾಳ ಯಾಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಣ್ಣಿನ ಡಾಕ್ಟರ ಕಡೆಯಿಂದ, ಆಮೇಲೆ ಒಂದಷ್ಟು ಮನೆತನಗಳಿಂದ. 1904ರಲ್ಲಿ ಜರ್ಮನಿಯ ಯುಜೆನ್ ವಾನ್ ಹಿಪ್ಪೆಲ್ ಅನ್ನೋ ಕಣ್ಣಿನ ಡಾಕ್ಟರು ರೆಟಿನಾದಲ್ಲಿ ರಕ್ತನಾಳದ ಗಂಟುಗಳಿರೋ ರೋಗಿಗಳ ಬಗ್ಗೆ ಬರೆದ್ರು. 1926ರಲ್ಲಿ ಸ್ವೀಡನ್ನಿನ ಆರ್ವಿಡ್ ಲಿಂಡೌ ಇದೇ ಥರದ ಗಂಟು ಹಿಂಬದಿ ಮೆದುಳಲ್ಲೂ ಬರತ್ತೆ, ಕಣ್ಣಿಂದು ಮೆದುಳಿಂದು ಎರಡೂ ಒಂದೇ ಕಾಯಿಲೆ ಅಂತ ತೋರಿಸಿದ್ರು. ಅದಕ್ಕೇ ವಾನ್ ಹಿಪ್ಪೆಲ್ ಲಿಂಡೌ ಕಾಯಿಲೆ, ಚಿಕ್ಕದಾಗಿ ವಿಎಚ್‌ಎಲ್. ಸುಮಾರು 36,000 ಜನಕ್ಕೆ ಒಬ್ಬರಿಗೆ ಇರತ್ತೆ. ಅಪ್ಪನಿಗೋ ಅಮ್ಮನಿಗೋ ಇದ್ರೆ ಪ್ರತಿ ಮಗುಗೂ ಅರ್ಧಕ್ಕರ್ಧ ಸಾಧ್ಯತೆ. ಇವರಲ್ಲಿ ಬಹಳ ಜನಕ್ಕೆ ವಯಸ್ಸಾಗೋ ಮುಂಚೆನೇ ಕಿಡ್ನಿ ಕ್ಯಾನ್ಸರ್ ಬರತ್ತೆ, ಅದೂ ಎರಡೂ ಕಿಡ್ನೀಲಿ, ಒಂದಲ್ಲ ಹತ್ತಾರು ಗಡ್ಡೆ. ಇನ್ನೊಂದು ವಿಚಿತ್ರ, ಕೆಲವರಿಗೆ ಮೈಯಲ್ಲಿ ಕೆಂಪು ರಕ್ತಕಣ ಬೇಕಾದ್ದಕ್ಕಿಂತ ಜಾಸ್ತಿ ಆಗ್ಬಿಡತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಸರ್ಜನ್ ಮಾರ್ಸ್ಟನ್ ಲೈನ್‌ಹ್ಯಾನ್, ಅವರ ಜೊತೆ ಬರ್ಟನ್ ಝಬಾರ್ ಮತ್ತೆ ಇನ್ನೂ ಹಲವರು, ಬ್ರಿಟನ್ನಿನವರ ಜೊತೆ ಸೇರಿ, ಇಂಥ ಮನೆತನಗಳನ್ನ ಹುಡುಕಿ ರಕ್ತ ತಗೊಂಡು ವರ್ಷಗಟ್ಟಲೆ ಕೂತು 1993ರಲ್ಲಿ ಜೀನ್ ಹಿಡಿದ್ರು. ಮೂರನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುದಿ ಹತ್ರ ಇದೆ, ಚಿಕ್ಕ ಜೀನ್, ಅದು ಮಾಡೋ ಪ್ರೊಟೀನಿಗೆ ಬರೀ 213 ಅಮಿನೋ ಆ್ಯಸಿಡ್. ಆಮೇಲೆ ಎಲ್ಲರಿಗೂ ಆಶ್ಚರ್ಯ ಆಗಿದ್ದು ಏನಂದ್ರೆ, ಮನೇಲಿ ಯಾರಿಗೂ ಇಲ್ಲದೆ ಸುಮ್ನೆ ಬರೋ ಸಾಮಾನ್ಯ ಕ್ಲಿಯರ್ ಸೆಲ್ ಕ್ಯಾನ್ಸರಲ್ಲೂ ಬಹುಪಾಲು ಇದೇ ಜೀನ್ ಕೆಟ್ಟಿರತ್ತೆ. ಒಬ್ಬೊಬ್ಬರಿಗೂ ಈ ಜೀನಿನ ಎರಡು ಕಾಪಿ ಇರತ್ತೆ, ಅಪ್ಪನದೊಂದು ಅಮ್ಮನದೊಂದು. ವಿಎಚ್‌ಎಲ್ ಕಾಯಿಲೆಯವರು ಹುಟ್ಟುವಾಗಲೇ ಒಂದನ್ನ ಕಳ್ಕೊಂಡೇ ಬಂದಿರ್ತಾರೆ, ಇನ್ನೊಂದು ಕೆಟ್ರೆ ಸಾಕು. ಉಳಿದವರಲ್ಲಿ ಒಂದೇ ಸೆಲ್ಲಲ್ಲಿ ಎರಡೂ ಕೆಡಬೇಕು, ಅದಕ್ಕೆ ಟೈಮ್ ಹಿಡಿಯತ್ತೆ, ಅದಕ್ಕೇ ಅರವತ್ತರ ಹತ್ರ ಬರತ್ತೆ. ಈ ಲೆಕ್ಕವನ್ನ ಆಲ್‌ಫ್ರೆಡ್ ನೂಡ್ಸನ್ 1971ರಲ್ಲೇ ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಹೇಳಿದ್ರು.

ಸರಿ, ಈ ಜೀನ್ ತಯಾರಿಸೋ ವಿಎಚ್‌ಎಲ್ ಪ್ರೊಟೀನ್ ಮಾಡೋ ಕೆಲಸ ಏನು? ಇಡೀ ಕಥೇಲಿ ನಂಗೆ ತುಂಬ ಇಷ್ಟದ ಭಾಗ ಇದು. ನಮ್ಮ ಸೆಲ್‌ಗಳಿಗೆ ಆಕ್ಸಿಜನ್ ಕಮ್ಮಿ ಆದ್ರೆ ಎಚ್ಚರಿಸೋಕೆ ಹಿಫ್ ಅಂತ ಒಂದು ಪ್ರೊಟೀನ್ ಇದೆ, ಜಾನ್ಸ್ ಹಾಪ್ಕಿನ್ಸ್‌ನ ಗ್ರೆಗ್ ಸೆಮೆಂಝಾ ಪತ್ತೆ ಮಾಡಿದ್ದು. ಹಿಫ್ ಎದ್ರೆ ಹೊಸ ರಕ್ತನಾಳ ಹುಟ್ಟತ್ತೆ, ಸೆಲ್ ಸಕ್ಕರೆಯನ್ನ ಜಾಸ್ತಿ ಎಳ್ಕೊಳ್ಳತ್ತೆ, ಕಿಡ್ನಿಯಿಂದ ಎರಿತ್ರೋಪೊಯೆಟಿನ್ ಹಾರ್ಮೋನ್ ಹೋಗಿ ಮೂಳೆ ಮಜ್ಜೇಲಿ ಕೆಂಪು ಕಣ ಜಾಸ್ತಿ ತಯಾರಾಗತ್ತೆ. ಚಮತ್ಕಾರ ಏನಂದ್ರೆ ಸೆಲ್ ಈ ಹಿಫ್‌ನ ಬೇಕಾದಾಗ ಮಾತ್ರ ಮಾಡೋದಲ್ಲ, ಇಪ್ಪತ್ನಾಲ್ಕು ಗಂಟೆನೂ ಮಾಡ್ತಾನೇ ಇರತ್ತೆ, ಮಾಡಿದ ಐದು ನಿಮಿಷದಲ್ಲಿ ಒಡೆದು ಹಾಕ್ತಾನೂ ಇರತ್ತೆ. ಕೆರೆಗೆ ಹಳ್ಳದ ನೀರು ಬರ್ತಾನೇ ಇದೆ, ಕೆಳಗೆ ತೂಬು ತೆಗೆದೇ ಇದೆ ಅನ್ಕೊಳ್ಳಿ, ನೀರು ನಿಲ್ಲಲ್ಲ, ಆದ್ರೆ ತೂಬು ಮುಚ್ಚಿದ ಕೂಡ್ಲೆ ಕೆರೆ ಏರೋಕೆ ಶುರು. ಆ ತೂಬೇ ವಿಎಚ್‌ಎಲ್. ಆಕ್ಸಿಜನ್ ಇದ್ರೆ ಮಾತ್ರ ಕೆಲಸ ಮಾಡೋ ಒಂದು ಎಂಜೈಮ್ ಇದೆ, ಅದು ಹಿಫ್ ಮೇಲೆ ಒಂದು ಸಣ್ಣ ಗುರುತು ಹಾಕತ್ತೆ, ಕಡಿಯೋ ಮರಕ್ಕೆ ಫಾರೆಸ್ಟ್‌ನೋರು ನಂಬರ್ ಹಾಕಿದ ಹಾಗೆ, ಗುರುತು ಇರೋದನ್ನ ವಿಎಚ್‌ಎಲ್ ಹಿಡಿದು ಒಡೆಯೋಕೆ ಕಳಿಸತ್ತೆ. ಆಕ್ಸಿಜನ್ ಇಲ್ಲ ಅಂದ್ರೆ ಗುರುತಿಲ್ಲ, ಗುರುತಿಲ್ಲ ಅಂದ್ರೆ ಹಿಫ್ ಉಳ್ಕೊಳ್ಳತ್ತೆ. 2001ರಲ್ಲಿ ಬಾಸ್ಟನ್ನಿನ ವಿಲಿಯಂ ಕೇಲಿನ್ ಗುಂಪು, ಆಕ್ಸ್‌ಫರ್ಡಿನ ಪೀಟರ್ ರ್ಯಾಟ್‌ಕ್ಲಿಫ್ ಗುಂಪು ಇಬ್ರೂ ಇದನ್ನ ತೋರಿಸಿದ್ರು, ಸೆಮೆಂಝಾ ಸೇರಿ ಮೂವರಿಗೂ 2019ರ ನೊಬೆಲ್ ಬಂತು.

ಈಗ ಆ ಸ್ಲೈಡಿಗೆ ವಾಪಸ್ ಬನ್ನಿ. ವಿಎಚ್‌ಎಲ್ ಕೆಟ್ಟ ಸೆಲ್ ಸುತ್ತ ಆಕ್ಸಿಜನ್ ಬೇಕಾದಷ್ಟಿದೆ, ಆದ್ರೂ ಅದು ಉಸಿರು ಕಟ್ಟಿದೆ ಅಂತ ನಂಬ್ಕೊಂಡಿದೆ, ಹಗಲೂ ರಾತ್ರಿ ರಕ್ತನಾಳ ಕರೀತಾ ಇದೆ, ಸಕ್ಕರೆ ಎಳೀತಾ ಇದೆ, ಕೊಬ್ಬನ್ನ ಸುಡದೆ ಕೂಡಿ ಹಾಕ್ತಾ ಇದೆ. ಆ ಹಳದಿ, ಆ ಬಿಳಿ ಗೂಡು, ಆ ಕೆಂಪು ಕಣಗಳ ಹೆಚ್ಚಳ ಎಲ್ಲಾ ಒಂದೇ ತೂಬು ಮುಚ್ಚಿದ್ರಿಂದ ಆದದ್ದು.

ಔಷಧಿಗಳೂ ಇದೇ ದಾರೀಲಿ ಬಂದ್ವು. ಮೊದಲು ರಕ್ತನಾಳ ಬೆಳೆಯೋದನ್ನ ತಡೆಯೋ ಸುನಿಟಿನಿಬ್ ಥರದವು, 2005-06ರ ಹೊತ್ತಿಗೆ. ಹಿಫ್‌ನೇ ನೇರವಾಗಿ ತಡೆಯೋಕೆ ಆಗಲ್ಲ, ಮಾತ್ರೆ ಹೋಗಿ ಕೂರೋಕೆ ಅದ್ರಲ್ಲಿ ಜಾಗನೇ ಇಲ್ಲ ಅಂತ ಬಹಳ ಕಾಲ ನಂಬಿದ್ರು. ಡಲ್ಲಾಸಿನ ಯೂನಿವರ್ಸಿಟಿಯವರು ಹಿಫ್‌ನ ಒಂದು ಬಗೆಯಾದ ಹಿಫ್-2ರ ಒಳಗೆ ಒಂದು ಪುಟ್ಟ ಪೊಳ್ಳು ಜಾಗ ಕಂಡುಹಿಡಿದು, ಅದಕ್ಕೆ ಸರಿಯಾಗಿ ಕೂರೋ ಅಣು ಹುಡುಕಿದ್ರು, ಅದೇ ಮುಂದೆ ಬೆಲ್ಝುಟಿಫಾನ್ ಆಗಿ 2021ರಲ್ಲಿ ವಿಎಚ್‌ಎಲ್ ರೋಗಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೀತು. 61 ಜನರ ಟ್ರಯಲಲ್ಲಿ 49 ಪರ್ಸೆಂಟ್ ಜನರ ಕಿಡ್ನಿ ಗಡ್ಡೆ ಚೆನ್ನಾಗಿ ಕುಗ್ಗಿತು. ಹತ್ತರಲ್ಲಿ ಒಂಬತ್ತು ಜನಕ್ಕೆ ರಕ್ತಹೀನತೆ ಬಂತು. ಕೆಟ್ಟ ಸೈಡ್ ಎಫೆಕ್ಟೇ, ಅನುಭವಿಸೋರಿಗೆ ಗೊತ್ತು ಅದ್ರ ಸುಸ್ತು, ಆದ್ರೆ ಕಥೆ ಗೊತ್ತಿದ್ದೋರಿಗೆ ಅದು ಯಾಕೆ ಬಂತು ಅಂತ ತಕ್ಷಣ ತಿಳಿಯತ್ತೆ, ಹಿಫ್-2ನ ತಡೆದ್ರೆ ಎರಿತ್ರೋಪೊಯೆಟಿನ್ ಇಳಿಯತ್ತೆ, ಕೆಂಪು ಕಣ ಇಳಿಯತ್ತೆ. ಮಾತ್ರೆ ಸರಿಯಾದ ಜಾಗಕ್ಕೇ ತಾಗಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2018ರಲ್ಲಿ ಬ್ರಿಟನ್ನಿನವರು ಗಡ್ಡೆಗಳ ಜೀನ್ ಓದಿ ಹಿಂದಕ್ಕೆ ಲೆಕ್ಕ ಹಾಕಿದ್ರು, ವಿಎಚ್‌ಎಲ್ ಜೀನ್ ಇರೋ ಮೂರನೇ ಕ್ರೋಮೋಸೋಮಿನ ತುಂಡು ಬಿದ್ದು ಹೋಗಿದ್ದು ಯಾವಾಗ ಅಂತ. ಬಹಳ ಜನರಲ್ಲಿ ಬಾಲ್ಯದಲ್ಲಿ, ಇಲ್ಲ ಹದಿಹರೆಯದಲ್ಲಿ! ಅರವತ್ತಕ್ಕೆ ಕಾಣಿಸ್ಕೊಳ್ಳೋ ರೋಗದ ಮೊದಲ ಹೆಜ್ಜೆ ಸ್ಕೂಲಿಗೆ ಹೋಗೋ ವಯಸ್ಸಲ್ಲಿ ಆಗಿರತ್ತೆ, ಅಲ್ಲಿಂದ ಮೂವತ್ತು, ನಲವತ್ತು ವರ್ಷ ಕೆಲವೇ ನೂರು ಸೆಲ್ ಸುಮ್ನೆ ಕೂತಿರತ್ತೆ. ಇದನ್ನ ಓದಿದ ದಿನ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ.

ಡಿಎನ್‌ಎ ಓದಿದ್ರೆ ಏಟು ಬಿದ್ದ ಕಾಲ ಅಷ್ಟೇ ಅಲ್ಲ, ಕೆಲವು ಸಲ ಏಟು ಕೊಟ್ಟಿದ್ದು ಏನು ಅಂತಾನೂ ಗೊತ್ತಾಗತ್ತೆ. ರೊಮೇನಿಯಾ, ಸರ್ಬಿಯಾ ಕಡೆಯ ಕಿಡ್ನಿ ಕ್ಯಾನ್ಸರಲ್ಲಿ ಡಿಎನ್‌ಎ ಅಕ್ಷರ ಎ ಇದ್ದಲ್ಲಿ ಅಲ್ಲಲ್ಲಿ ಟಿ ಆಗಿರೋ ಒಂದು ಗುರುತು ಮತ್ತೆ ಮತ್ತೆ ಸಿಗತ್ತೆ, ಅದು ಅರಿಸ್ಟೊಲೋಕಿಕ್ ಆ್ಯಸಿಡ್ ಅನ್ನೋ ಗಿಡದ ವಿಷ ಬಿಟ್ಟು ಹೋದ ಗುರುತು. ಅಲ್ಲಿ ಗೋಧಿ ಹೊಲದ ಕಳೆಯಿಂದ ಬಂದಿರಬಹುದು ಅಂತಾರೆ. ಆ ಕಳೆಯ ದಾಯಾದಿ ನಮ್ಮಲ್ಲೂ ಇದೆ, ಈಶ್ವರಿ ಬಳ್ಳಿ, ನಮ್ಮ ರಾಜ್ಯದ ಚಿಟ್ಟೆ ಮೊಟ್ಟೆ ಇಡೋದೇ ಈ ಜಾತಿ ಬಳ್ಳಿಗಳ ಮೇಲೆ. ಚಿಟ್ಟೆ ಮರಿ ಈ ಎಲೆ ತಿಂದು ತನ್ನನ್ನ ಹಕ್ಕಿಗಳು ಮುಟ್ಟದ ಹಾಗೆ ವಿಷ ಮಾಡ್ಕೊಳ್ಳತ್ತೆ. ಹಾವು ಕಡಿದ್ರೆ ಇದ್ರ ಬೇರು ಅರೆದು ಕೊಡೋ ಪದ್ಧತಿ ಹಳ್ಳಿಗಳಲ್ಲಿದೆ, ದಯವಿಟ್ಟು ಕುಡೀಬೇಡಿ, ಕುಡಿಸ್ಬೇಡಿ, ಅದೇ ಆ್ಯಸಿಡ್ ಇದ್ರಲ್ಲೂ ಇದೆ. 2024ರಲ್ಲಿ 11 ದೇಶಗಳ 962 ರೋಗಿಗಳ ಗಡ್ಡೆ ಓದಿದಾಗ ಜಪಾನಿನವರಲ್ಲಿ 70 ಪರ್ಸೆಂಟಿಗಿಂತ ಜಾಸ್ತಿ ಜನಕ್ಕೆ ಬೇರೆಯೇ ಒಂದು ಗುರುತು ಸಿಕ್ತು, ಅದನ್ನ ಬಿಟ್ಟಿದ್ದು ಯಾವ ವಸ್ತು ಅಂತ ಆಗ ಯಾರಿಗೂ ಹೇಳೋಕಾಗ್ಲಿಲ್ಲ.

ನಮ್ಮ ಮನೇಲೂ ಬಂದ, ಗಂಡಸರ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ದಾರಿ ಬೇರೆ. ಅದು ಗಂಡಸರ ಹಾರ್ಮೋನ್ ನಂಬ್ಕೊಂಡು ಬದುಕತ್ತೆ ಅಂತ 1941ರಲ್ಲೇ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ರು. 2005ರಲ್ಲಿ ಮಿಶಿಗನ್ನಿನ ಅರುಳ್ ಚಿನ್ನಯ್ಯನ್ ಗುಂಪು ಅದ್ರ ಒಳಗಿನ ವೈರಿಂಗ್ ತಪ್ಪನ್ನ ಹಿಡೀತು. 21ನೇ ಕ್ರೋಮೋಸೋಮಲ್ಲಿ ಹಾರ್ಮೋನ್ ಬಂದಾಗ ಆನ್ ಆಗೋ ಒಂದು ಜೀನಿನ ಸ್ವಿಚ್ ಕಿತ್ತು ಬಂದು, ಇಆರ್‌ಜಿ ಅನ್ನೋ ಬೆಳವಣಿಗೆ ಜೀನಿಗೆ ಅಂಟಿರತ್ತೆ, ಹಾರ್ಮೋನ್ ಬಂದಾಗಲೆಲ್ಲ ಇಆರ್‌ಜಿ ಓಡತ್ತೆ. ಅಮೆರಿಕ ಯುರೋಪಲ್ಲಿ ಸುಮಾರು ಅರ್ಧದಷ್ಟು ಕೇಸಲ್ಲಿ ಇದಿದೆ. ಕಾನ್ಪುರ ಐಐಟಿಯ ಬುಶ್ರಾ ಅತೀಕ್ ಗುಂಪು ಇನ್ನೊಂದು ಬಗೆಯ ಪ್ರಾಸ್ಟೇಟ್ ಗಡ್ಡೆಗಳಲ್ಲಿ ಸ್ಪಿಂಕ್1 ಅನ್ನೋ ಜೀನ್ ಬಗ್ಗೆ ಕೆಲಸ ಮಾಡಿದೆ, ಹಾರ್ಮೋನ್ ತಡೆಯೋ ಚಿಕಿತ್ಸೆನೇ ಅದನ್ನ ಏರಿಸಬಹುದು ಅಂತ 2020ರಲ್ಲಿ ತೋರಿಸಿದ್ರು.

ನಂಗೆ ಹತ್ತಿರದ ವಿಷಯ ಬಿಆರ್‌ಸಿಎ2. ಎದೆ ಕ್ಯಾನ್ಸರ್ ಜೀನ್ ಅಂತ ಹೆಸರು ಬಂದ್ಬಿಟ್ಟಿದೆ, ಅಸಲಿಗೆ ಅದು ಮುರಿದ ಡಿಎನ್‌ಎ ರಿಪೇರಿ ಮಾಡೋ ಜೀನ್. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರೋರಲ್ಲಿ 100ಕ್ಕೆ ಸುಮಾರು 12 ಜನಕ್ಕೆ ಇಂಥ ರಿಪೇರಿ ಜೀನುಗಳಲ್ಲಿ ಹುಟ್ಟಿನಿಂದಲೇ ದೋಷ ಇತ್ತು ಅಂತ 2016ರ ಸ್ಟಡಿ ಹೇಳತ್ತೆ, ಅದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಬಿಆರ್‌ಸಿಎ2 ದೋಷ. ಅಂಥವರಿಗೆ ಒಲಾಪರಿಬ್ ಮಾತ್ರೆ 2020ರಿಂದ ಇದೆ. ನಮ್ಮ ಚಿಕ್ಕಪ್ಪಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋದ ಮೇಲೆ ಗೊತ್ತಾಯ್ತು. ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ ಅಂತ ಡಾಕ್ಟರ್ ಕೇಳಿದ್ರೆ ಇಲ್ಲ ಅಂದ್ಬಿಟ್ರು, ಅವರು ಸುಳ್ಳು ಹೇಳ್ಲಿಲ್ಲ, ಅಪ್ಪ, ಅಣ್ಣ ತಮ್ಮ, ದೊಡ್ಡಪ್ಪ ಇಷ್ಟೇ ಯೋಚ್ನೆ ಮಾಡಿದ್ದು. ಅಜ್ಜಿ ತಂಗಿ, ನಮ್ಮ ಚಿಕ್ಕಜ್ಜಿ, ನಲವತ್ತೆರಡಕ್ಕೆ ಎದೆ ಗಡ್ಡೆಯಲ್ಲಿ ಹೋಗಿದ್ದು ಒಂದು ವರ್ಷ ಆದ್ಮೇಲೆ ಅತ್ತೆ ಬಾಯಲ್ಲಿ ಬಂತು, ಅದು ಹೆಂಗಸರ ಕಾಯಿಲೆ ಅಲ್ವಾ ಅದಕ್ಕೇ ಹೇಳ್ಲಿಲ್ಲ ಅಂದ್ರು. ಟೆಸ್ಟ್ ಮಾಡಿಸಿದ್ರೆ ಬಿಆರ್‌ಸಿಎ2. ಮೊನ್ನೆ ಶನಿವಾರ ಅಪ್ಪ, ಅತ್ತೆ ಇಬ್ರೂ ಹೋಗಿ ಬ್ಲಡ್ ಕೊಟ್ಟು ಬಂದ್ರು. ರಿಪೋರ್ಟಿಗೆ ಮೂರು ವಾರ ಅಂದಿದಾರೆ.