ತೀರಿಹೋದವರ ಸ್ಮರಣೆಯ ಪೂಜೆಗೆ ಏನು ತರಬೇಕು?

ಕ್ಯಾಥೋಲಿಕ್ ಮನೆಯಲ್ಲಿ ಯಾರಾದರೂ ತೀರಿಹೋದರೆ ಚರ್ಚಿನಲ್ಲಿ ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ. ದಿನ ಗೊತ್ತು ಮಾಡಲು ಚರ್ಚ್ ಆಫೀಸಿಗೆ ಬರುವ ಮನೆಯವರು ಹೆಚ್ಚಾಗಿ ಮೊದಲು ಕೇಳುವುದು ಹಾಲ್ ಖಾಲಿ ಇದೆಯಾ ಅಂತ. ಆಮೇಲೆ ಹೂವು, ಕೊಯರ್, ಊಟ, ಫ್ಲೆಕ್ಸ್. ಅದರಲ್ಲಿ ತಪ್ಪೇನೂ ಇಲ್ಲ. ಕೈತುಂಬ ಕೆಲಸ ಇದ್ದರೆ ಆ ದಿನಗಳನ್ನು ಹೇಗೋ ದಾಟಬಹುದು. ಈಚೆಗೆ ಇನ್ನೊಂದು ಮಾತನ್ನೂ ಜಾಸ್ತಿ ಕೇಳುತ್ತಿದ್ದೇನೆ. "ಫಾದರ್, ಅಳೋದು ಗಿಳೋದು ಬೇಡ. ಅಪ್ಪ ಬದುಕಿದ ರೀತಿಯನ್ನ ಖುಷಿಯಿಂದ ನೆನೆಯೋಣ ಅಂತ ಇದ್ದೇವೆ." ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುವ ಮಕ್ಕಳು ಹೀಗೆ ಹೇಳುತ್ತಾರೆ. ಜೊತೆಗೆ ಬಂದ ಅಜ್ಜಿಗೆ ಮಾತ್ರ ಇದು ಹಿಡಿಸುವುದಿಲ್ಲ. ಸತ್ತ ಮನೆಯಲ್ಲಿ ಎಂಥ ಖುಷಿ ಅಂತ ಅವರು ಮುಖ ತಿರುಗಿಸುತ್ತಾರೆ.

ಅಜ್ಜಿಯ ಬೇಸರಕ್ಕೆ ಕಾರಣ ಇದೆ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಈಗ ಎಂಬತ್ತು ದಾಟಿದ ಕ್ಯಾಥೋಲಿಕರು ಚಿಕ್ಕವರಿದ್ದಾಗ ಕಂಡ ಸಾವಿನ ಪೂಜೆಯೇ ಬೇರೆ. ಪ್ರಾರ್ಥನೆ ಲ್ಯಾಟಿನ್‌ನಲ್ಲಿ. ಫಾದರ್ ಹಾಕಿದ್ದು ಕಪ್ಪು ಉಡುಪು. ಹಾಡಿನಲ್ಲಿ ಕಡೆಯ ತೀರ್ಪಿನ ದಿನದ ನಡುಕ. ಕ್ಯಾಥೋಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ತಿದ್ದಲು ಹೇಳಿತು. ಯೇಸು ಸತ್ತು ಎದ್ದರು ಎಂಬ ನಂಬಿಕೆ ನಮ್ಮ ಸಾವಿನ ವಿಧಿಯಲ್ಲಿ ಇನ್ನೂ ಚೆನ್ನಾಗಿ ಕಾಣಬೇಕು ಅಂತ. 1969ರಲ್ಲಿ ಹೊಸ ವಿಧಿ ಬಂತು. ಅದಕ್ಕೇ ಇವತ್ತು ಪೆಟ್ಟಿಗೆಯ ಹತ್ತಿರ ಈಸ್ಟರ್ ರಾತ್ರಿ ಹಚ್ಚಿದ ಆ ದೊಡ್ಡ ಮೇಣದಬತ್ತಿ ಇರುತ್ತದೆ. ಬಿಳಿ ಉಡುಪು ಹಾಕಬಹುದು. ಪವಿತ್ರ ಜಲ ಚಿಮುಕಿಸುವುದು ಅವರ ದೀಕ್ಷಾಸ್ನಾನವನ್ನು ನೆನೆಯಲು. ಅಂದರೆ ಮಕ್ಕಳು ಕೇಳುವ ಖುಷಿ ಹೊರಗಿನಿಂದ ತಂದದ್ದಲ್ಲ, ವಿಧಿಯ ಒಳಗೇ ಇದೆ.

ಹಾಗಂತ ಅಳಬೇಡಿ ಅಂತ ಯಾರಿಗೂ ಹೇಳಬೇಡಿ. ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಯ ದಾರಿಯಲ್ಲಿ ಅತ್ತರು. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ಓದಿ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಮಕ್ಕಳು "ಅಮ್ಮಾ, ಇವತ್ತು ಅಳಬಾರದು" ಅಂತ ಕಟ್ಟುಪಾಡು ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಾಗಾದರೆ ಒಬ್ಬರ ಬದುಕನ್ನು ನೆನೆಯುವುದು ಹೇಗೆ? ನಾನು ಮನೆಯವರಿಗೆ ಹೇಳುವುದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದ ಘಟನೆ. ಯೊಪ್ಪ ಅಂತ ಒಂದು ಬಂದರು ಪಟ್ಟಣ. ನಮ್ಮ ಕಾರವಾರದ ಹಾಗೆ ಸಮುದ್ರ ದಂಡೆಯ ಊರು. ಅಲ್ಲಿ ತಬಿಥಾ ಎಂಬ ಹೆಂಗಸು ತೀರಿಹೋದಳು. ಯೇಸುವಿನ ಶಿಷ್ಯ ಪೇತ್ರ ಬಂದಾಗ ಊರಿನ ವಿಧವೆಯರು ಅಳುತ್ತಾ ಅವನ ಸುತ್ತ ನಿಂತರು. ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿ, ಮೇಲುಡುಪುಗಳನ್ನು ತೋರಿಸಿದರು. ಅಷ್ಟೇ. ಅವಳು ಮಹಾತಾಯಿ, ಆದರ್ಶ ಗೃಹಿಣಿ ಅಂತ ಯಾರೂ ಭಾಷಣ ಮಾಡಿದ್ದು ಬರೆದಿಲ್ಲ. ಕಣ್ಣಲ್ಲಿ ನೀರು, ಕೈಯಲ್ಲಿ ಬಟ್ಟೆ. ಆಮೇಲೆ ಪೇತ್ರ ಮೊಣಕಾಲೂರಿ ಪ್ರಾರ್ಥಿಸಿದ, ಅವಳು ಎದ್ದು ಕೂತಳು.

ಇದು ನನಗೆ ಪದೇಪದೇ ನೆನಪಾಗುವುದಕ್ಕೆ ಒಂದು ಮನೆ ಕಾರಣ. ತೀರಿಹೋದ ತಾಯಿ ಟೇಲರ್. ಶಾಲೆ ಮಕ್ಕಳ ಯೂನಿಫಾರ್ಮ್, ನೆರೆಮನೆಯವರ ರವಿಕೆ, ಮಕ್ಕಳು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದದ ರೊಟ್ಟಿ ಪಡೆಯುವ ದಿನದ ಬಿಳಿ ಫ್ರಾಕು ಎಲ್ಲ ಹೊಲಿಯುತ್ತಿದ್ದವರು. ಮೂವರು ಮಕ್ಕಳು ಟೈಪ್ ಮಾಡಿದ ಒಂದು ಹಾಳೆ ತಂದಿದ್ದರು. ಪ್ರೀತಿಯ ತಾಯಿ, ಶ್ರಮಜೀವಿ, ದೈವಭಕ್ತೆ, ಎಲ್ಲರಿಗೂ ಬೇಕಾದವರು. ಎಲ್ಲವೂ ನಿಜವೇ. ಆದರೆ ಆ ಹಾಳೆಯನ್ನು ಯಾವ ತಾಯಿಯ ಪೂಜೆಯಲ್ಲೂ ಓದಬಹುದಿತ್ತು. ಅವರ ಹೊಲಿಗೆ ಸಾಮಾನು ಏನಾದರೂ ಇದೆಯಾ ಅಂತ ಕೇಳಿದೆ. ಮರುದಿನ ಕಿರಿಯವಳು ಅಳತೆ ಪುಸ್ತಕ ತಂದಳು. ಉದ್ದನೆಯ ನೋಟುಬುಕ್, ರಟ್ಟು ಕಿತ್ತುಹೋಗಿತ್ತು. ಒಂದೊಂದು ಹೆಸರಿನ ಕೆಳಗೆ ಎದೆ, ಸೊಂಟ, ತೋಳು, ಉದ್ದ. ಬಲಗಡೆ ಮಜೂರಿ. ಹಣ ಕೊಟ್ಟವರ ಎದುರು ಸಣ್ಣ ಗೆರೆ. ಕೆಲವರ ಎದುರು ಗೆರೆ ಇಲ್ಲ, "ಬಿಟ್ಟಿದೆ" ಅಂತ ಬರೆದಿತ್ತು. ಗಂಡ ದೋಣಿಯಲ್ಲಿ ಕೈ ಮುರಿದುಕೊಂಡ ಮನೆ, ಕೆಲಸ ಹೋದ ಮನೆ. ಮಕ್ಕಳಿಗೇ ಇದು ಗೊತ್ತಿರಲಿಲ್ಲ.

ಹೆಸರು ಯಾವುದನ್ನೂ ಓದಬೇಡಿ ಅಂದೆ. ಆ ಮನೆಯವರು ಚರ್ಚಿನಲ್ಲೇ ಕೂತಿರುತ್ತಾರೆ, ಅಲ್ವಾ? ಹಿರಿಯ ಮಗ ಪುಸ್ತಕ ಕೈಯಲ್ಲಿ ಹಿಡಿದು ಒಂದೇ ಒಂದು ಶಬ್ದ ಓದಿದ. ಅಂದಿನ ಶುಭಸಂದೇಶಕ್ಕೆ ನಾವು ಆರಿಸಿದ್ದು ಮತ್ತಾಯ 25. ಹಸಿದಿದ್ದೆ, ಊಟ ಕೊಟ್ಟಿರಿ. ಬಟ್ಟೆಯಿಲ್ಲದಿದ್ದೆ, ಉಡಿಸಿದಿರಿ ಎನ್ನುವ ಭಾಗ. ಸತ್ತವರ ಪೂಜೆಗೆ ಅಂತಲೇ ಇರುವ ಪಾಠಗಳಲ್ಲಿ ಅದೂ ಒಂದು. ಪಾಠ ಆರಿಸುವಾಗ ಮನೆಯವರೂ ಜೊತೆಗೆ ಕೂತರೆ ಹೀಗೆ ಬದುಕಿಗೂ ವಾಕ್ಯಕ್ಕೂ ಗಂಟು ಬೀಳುತ್ತದೆ.

ಈಗ ಮಾತಾಡುವುದು ಯಾವಾಗ, ಎಷ್ಟು ಹೊತ್ತು? ಪ್ರವಚನ ತೀರಿಹೋದವರ ಗುಣಗಾನ ಆಗಬಾರದು ಅಂತ ಪೂಜಾವಿಧಿಯ ನಿಯಮವೇ ಹೇಳುತ್ತದೆ. ಅಲ್ಲಿ ಮಾತು ಕ್ರಿಸ್ತನದು. ಮನೆಯವರಲ್ಲಿ ಒಬ್ಬರು ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ ಮಾತಾಡಬಹುದು. ಒಬ್ಬರೇ ಸಾಕು. ನಾಲ್ಕೈದು ನಿಮಿಷ. ಬರೆದುಕೊಂಡು ಬನ್ನಿ, ಗಂಟಲು ಕಟ್ಟಿದರೆ ಪಕ್ಕದವರು ಓದಿ ಮುಗಿಸಬಹುದು. ಉಳಿದ ಮಾತು, ಫೋಟೋಗಳ ವಿಡಿಯೋ, ಅಪ್ಪನಿಗೆ ಇಷ್ಟವಿದ್ದ ಸಿನಿಮಾ ಹಾಡು ಎಲ್ಲಕ್ಕೂ ಹಾಲ್ ಇದೆ. ಕಾಫಿ ಕುಡಿಯುತ್ತಾ ಎಲ್ಲರೂ ಸೇರಿ ನೆನಪು ಹೇಳುವುದು ನನಗೂ ಇಷ್ಟ. ಅದನ್ನು ಪೂಜೆಯ ಒಳಗೆ ತುರುಕಿದರೆ ಎರಡೂ ಕೆಡುತ್ತವೆ.

ಬಲೆ, ಕತ್ತರಿ, ಓದಿದ ಬೈಬಲ್, ಹಾಕಿಕೊಳ್ಳುತ್ತಿದ್ದ ಕನ್ನಡಕ ತರುವವರಿದ್ದಾರೆ. ಖಂಡಿತ ತನ್ನಿ. ಪೂಜೆ ಶುರುವಾಗುವಾಗ ಫೋಟೋ ಪಕ್ಕ ಇಡಿ. ಕಾಣಿಕೆಯ ಮೆರವಣಿಗೆಯಲ್ಲಿ ಮಾತ್ರ ರೊಟ್ಟಿ, ದ್ರಾಕ್ಷಾರಸ, ಬಡವರಿಗೆ ಕೊಡುವಂಥದ್ದು ಬರಲಿ. ಪೂಜೆ ಮುಗಿದ ಮೇಲೆ ಮನೆಗೆ ವಾಪಸ್ ಒಯ್ಯುವ ವಸ್ತು ಕಾಣಿಕೆಯಾಗುವುದು ಹೇಗೆ? ಅಕ್ಕಿ ತನ್ನಿ, ಅದು ಒಂದು ಮನೆಗೆ ತಲುಪುತ್ತದೆ. ತೀರಿಹೋದವರ ಹೆಸರಲ್ಲಿ ಬಡವರಿಗೆ ಊಟ ಹಾಕುವುದು ನಮ್ಮ ಹಿರಿಯರ ರೂಢಿ. ಫ್ಲೆಕ್ಸ್‌ನ ಖರ್ಚು ಅದಕ್ಕೆ ಹೋದರೆ ನನಗೆ ಸಂತೋಷ.

ಕಷ್ಟದ ಮಾತಿಗೆ ಬರುತ್ತೇನೆ. ಎಲ್ಲರ ಅಪ್ಪನೂ ಒಳ್ಳೆಯವನಾಗಿರುವುದಿಲ್ಲ. ಕುಡಿದು ಬಂದು ಹೊಡೆಯುತ್ತಿದ್ದವನ ವರ್ಷದ ಪೂಜೆಗೆ ಮಗಳು ಬಂದು ಕೂರುತ್ತಾಳೆ. "ಏನು ಹೇಳಲಿ ಫಾದರ್? ಸುಳ್ಳು ಹೇಳಕ್ಕೆ ಬಾಯಿ ಬರಲ್ಲ" ಅನ್ನುತ್ತಾಳೆ. ಸುಳ್ಳು ಹೇಳಬೇಡಮ್ಮ. ಎಲ್ಲರೆದುರು ಎಲ್ಲವನ್ನೂ ಬಿಚ್ಚಿಡಬೇಕೆಂದೂ ಇಲ್ಲ. ಮಾತಾಡದೆ ಇದ್ದರೂ ಆಗುತ್ತದೆ. ನಾವು ಸತ್ತವರಿಗಾಗಿ ಪ್ರಾರ್ಥಿಸುವುದೇ ಅವರ ಬದುಕು ಪೂರ್ತಿ ನೇರವಾಗಿರಲಿಲ್ಲ ಅಂತ ಗೊತ್ತಿರುವುದರಿಂದ. ಪೂಜೆಯಲ್ಲಿ ಕೃತಜ್ಞತೆಯೂ ಇದೆ, ಕ್ಷಮೆ ಬೇಡುವುದೂ ಇದೆ. ಹೊಗಳಲು ಆಗದವರನ್ನೂ ದೇವರ ಕೈಗೆ ಕೊಡಲು ಆಗುತ್ತದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಸಾಲು ಸಾಕು: "ಅವರಿಂದ ನೋವಾದವರನ್ನು ಗುಣಪಡಿಸು, ಅವರ ತಪ್ಪನ್ನು ಕ್ಷಮಿಸು." ಆ ಮಗಳು ಇಂದು ಕ್ಷಮಿಸಲೇಬೇಕು ಅಂತ ಒತ್ತಾಯ ಮಾಡುವ ಹಕ್ಕು ನನಗೂ ಇಲ್ಲ, ಅವಳ ಚಿಕ್ಕಪ್ಪನಿಗೂ ಇಲ್ಲ.

ತಾವೇ ಜೀವ ತೆಗೆದುಕೊಂಡವರ ಮನೆಯವರು ಇನ್ನೂ ಹೆದರಿ ಬರುತ್ತಾರೆ. ಚರ್ಚಿನಲ್ಲಿ ಪೂಜೆ ಸಿಗುತ್ತದೋ ಇಲ್ಲವೋ ಅಂತ. ಸಿಗುತ್ತದೆ. ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, 1917ರ ಕಾನೂನಿನಲ್ಲಿ ಅಡ್ಡಿ ಇತ್ತು. 1983ರ ಕಾನೂನಿನಲ್ಲಿ ಅದನ್ನು ತೆಗೆದಿದ್ದಾರೆ. ಹಳೆಯದನ್ನು ಹೇಳಿ ಯಾರಾದರೂ ನಿಮ್ಮನ್ನು ನೋಯಿಸಿದರೆ ನೇರವಾಗಿ ಫಾದರ್ ಹತ್ತಿರ ಬನ್ನಿ. ಹಾಗೆ ಹೋದ ಒಬ್ಬ ಮಗ ಇಪ್ಪತ್ತೈದು ವರ್ಷ ಬದುಕಿದ್ದ ಅನ್ನಿ. ಆ ಇಪ್ಪತ್ತೈದು ವರ್ಷವನ್ನು ನೆನೆಯೋಣ, ಕೊನೆಯ ದಿನವೊಂದನ್ನೇ ಅಲ್ಲ.

ದಿನದ ವಿಷಯ. ದೋಣಿಗೆ ಹೋಗುವ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟ್ ನಿಲ್ಲುವ ಕಾಲದಲ್ಲಿ, ಎಲ್ಲರೂ ಸಿಗುತ್ತಾರೆ. ಮಳೆ ಮಾತ್ರ ಜೋರು, ಸ್ಮಶಾನಕ್ಕೆ ಹೋಗುವುದಿದ್ದರೆ ವಯಸ್ಸಾದವರನ್ನು ನೆನಪಿಟ್ಟುಕೊಳ್ಳಿ. ಗಲ್ಫ್‌ನಿಂದ ಮಗ ಬರುವ ತನಕ ತಿಂಗಳ ಪೂಜೆ ನಾಲ್ಕು ದಿನ ಆಚೀಚೆ ಆದರೆ ದೋಷವೇನಿಲ್ಲ. ಈಸ್ಟರ್ ಹಿಂದಿನ ಪವಿತ್ರ ಗುರುವಾರದಿಂದ ಶನಿವಾರದವರೆಗೆ ಮಾತ್ರ ಕೇಳಬೇಡಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಪೂಜೆ ಆಗುತ್ತದೆ, ಅಲ್ಲೆಲೂಯ ಹಾಡುವುದಿಲ್ಲ. ಕೊಯರ್‌ಗೆ ಮೊದಲೇ ತಿಳಿಸಿ. ನವೆಂಬರ್ 2ಕ್ಕೆ ಹೇಗೂ ಎಲ್ಲ ಮೃತರ ಸ್ಮರಣೆ ಇದೆ. ಕೊಡಲು ಹಣ ಇಲ್ಲ ಅಂತ ಯಾರೂ ಪೂಜೆ ಬಿಡಬೇಡಿ. ಇಲ್ಲದವರಿಗೂ ಪೂಜೆ ಮಾಡಬೇಕು ಅಂತ ನಮಗೆ ಹೇಳಿದ್ದಾರೆ.

ಭಾಷೆಗಾಗಿ ಮನೆಯಲ್ಲಿ ಜಗಳ ಆಗುವುದನ್ನು ಕಂಡಿದ್ದೇನೆ. ಕೊಂಕಣಿಯೋ ಕನ್ನಡವೋ ಅಂತ. ಅಮ್ಮ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತಿದ್ದುದು ಕೊಂಕಣಿಯಲ್ಲಾದರೆ ಒಂದು ಹಾಡಾದರೂ ಕೊಂಕಣಿಯಲ್ಲಿರಲಿ. ಪಾಠ ಕನ್ನಡದಲ್ಲಿರಲಿ, ಪಕ್ಕದ ಮನೆಯವರಿಗೂ ತಿಳಿಯಲಿ. ದುಬೈಯಲ್ಲಿ ಬೆಳೆದ ಮೊಮ್ಮಗಳಿಗೆ ಎರಡೂ ಓದಲು ಬಾರದಿದ್ದರೆ ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆ ಓದಲಿ. ಅಜ್ಜಿ ಅದನ್ನು ಬೇಡ ಅನ್ನುತ್ತಿದ್ದರಾ?

ನಮ್ಮ ಕಡೆ ಇಂಥ ಪೂಜೆಗೆ ಹಿಂದೂ, ಮುಸ್ಲಿಂ ನೆರೆಯವರೂ ಬರುತ್ತಾರೆ. ಅಬ್ಬಲಿಗೆ ಮಾಲೆ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಾರೆ, ಎಲ್ಲಿ ಕೂರಬೇಕು ಅಂತ ಗೊತ್ತಾಗದೆ. ಮನೆಯ ಒಬ್ಬ ಹುಡುಗನನ್ನು ಇದಕ್ಕೇ ಅಂತ ನಿಲ್ಲಿಸಿ. ಮುಂದೆ ಕರೆದು ಕೂರಿಸಲಿ. ಪರಮಪ್ರಸಾದದ ಹೊತ್ತಿಗೆ ಕೂತೇ ಇರಬಹುದು ಅಂತ ಮೊದಲೇ ಮೆಲ್ಲಗೆ ಹೇಳಿದರೆ ಅವರಿಗೂ ಮುಜುಗರವಿಲ್ಲ.

ಹತ್ತು ದಿನ ಮೊದಲೇ ಆಫೀಸಿಗೆ ಬನ್ನಿ. ಫೋಟೋ ಒಂದೇ ಅಲ್ಲ, ಅವರು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಏನಾದರೊಂದನ್ನು ತನ್ನಿ. ಅವರ ಜೊತೆ ಕೆಲಸ ಮಾಡಿದವರು, ದೋಣಿಗೆ ಹೋದವರು, ಅಕ್ಕಪಕ್ಕ ಅಂಗಡಿ ಇಟ್ಟವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಮಕ್ಕಳಾಗಿ ನೀವು ಕೇಳಿರದ ಒಂದೆರಡು ವಿಷಯ ಅವರ ಹತ್ತಿರ ಇದ್ದೇ ಇರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಪಾಠ ಆರಿಸೋಣ, ಹಾಡು ಆರಿಸೋಣ.